ಸಕ್ಕರೆ ಕಾಯಿಲೆಯ ಭಯಕ್ಕೆ ಮಲೆನಾಡಿನವರು ಅನ್ನ ಬಿಡಬೇಕಾ?

ಬಿಡಬೇಕಾಗಿಲ್ಲ, ಕಡಿಮೆ ಮಾಡಬೇಕು. ತೀರ್ಥಹಳ್ಳಿ, ಸಾಗರದ ಕಡೆ ಬೆಳಿಗ್ಗೆ ಕಡುಬೋ ಅಕ್ಕಿರೊಟ್ಟಿಯೋ, ಆಮೇಲೆ ಎರಡು ಹೊತ್ತು ಅನ್ನ. ಅಂದರೆ ದಿನವಿಡೀ ಅಕ್ಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ. 45 ದಾಟಬಾರದು.

ಪಾಲಿಶ್ ಮಾಡಿದರೆ ತೌಡಿನ ಜೊತೆ ನಾರು, ಬಿ1 ಜೀವಸತ್ವ ಎರಡೂ ಹೋಗುತ್ತವೆ. ಮನೆ ಭತ್ತವಿದ್ದರೆ ಅಕ್ಕಿ ಮೇಲೆ ಕೆಂಪು ಗೆರೆ ಉಳಿಯುವಷ್ಟೇ ಪಾಲಿಶ್ ಮಾಡಿಸಿ. ಹಾಗಂತ ಕೆಂಪಕ್ಕಿ ಅನ್ನವನ್ನು ಎರಡು ಪಟ್ಟು ಬಡಿಸಿಕೊಂಡರೆ ಏನೂ ಲಾಭವಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವುದು ಹುರುಳಿಯ ವಿಷಯ. ಕಟ್ಟಿನ ಸಾರು ನಾವು ಉಣ್ಣುತ್ತೇವೆ, ಬೆಂದ ಕಾಳನ್ನು ದನಕ್ಕೆ ಹಾಕುತ್ತೇವೆ. ನಾರು, ಪ್ರೋಟೀನ್ ಹೆಚ್ಚಿರುವುದು ಆ ಕಾಳಿನಲ್ಲೇ! ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ ಪಲ್ಯ ಮಾಡಿ, ಒಂದು ಸೌಟು ಅನ್ನದ ಜಾಗಕ್ಕೆ ಅದನ್ನೇ ಬಡಿಸಿಕೊಳ್ಳಿ. ಸೊಪ್ಪು, ತರಕಾರಿ ಅರ್ಧ ತಟ್ಟೆ ಇರಲಿ. ಗೆಣಸು, ಹಲಸು ತಿಂದ ದಿನ ಅನ್ನ ಅಷ್ಟು ಕಮ್ಮಿ.

ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಅನ್ನ ಇಳಿಸಬೇಡಿ, ಶುಗರ್ ಒಮ್ಮೆಲೇ ಕುಸಿಯಬಹುದು.