ಒಲೆ ಹೇಗೆ ಉರಿಯುತ್ತದೆ ಎಂದು ಬಲ್ಲ ಕಾದಂಬರಿಗಳು

ಕನ್ನಡದ ಕಾದಂಬರಿಗಳಲ್ಲಿ ಯಾವ ಬಗೆಯವು ನನಗೆ ಇಷ್ಟ, ಯಾವ ಲೇಖಕರು ಹತ್ತಿರದವರು, ಯಾರನ್ನು ಓದಿ ನಿರಾಸೆಯಾಯಿತು ಎಂದು ಕೇಳಿದ್ದೀರಿ. ಓದು ಬಿಟ್ಟುಹೋಗಿ ಹತ್ತು ವರ್ಷವಾಯಿತು, ಮತ್ತೆ ಎಲ್ಲಿಂದ ಹಿಡಿಯಲಿ ಎಂದೂ ಕೇಳಿದ್ದೀರಿ. ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ತಿಪಟೂರಿನ ಕಡೆಯವಳು. ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತೆಂಟು ವರ್ಷ ಕೃಷಿಸಾಲದ ಕಡತಗಳನ್ನು ನೋಡಿಕೊಂಡು ನಿವೃತ್ತಳಾದೆ. ಪಹಣಿ ಹಿಡಿದು ಎದುರಿಗೆ ಕುಳಿತವರು ಎಷ್ಟು ಎಕರೆ, ಯಾವ ಬೆಳೆ ಎಂದು ಹೇಳತೊಡಗಿದರೆ ಹತ್ತು ನಿಮಿಷದಲ್ಲಿ ಇಡೀ ಸಂಸಾರ ಮೇಜಿನ ಮೇಲೆ ಬಂದು ಕೂರುತ್ತಿತ್ತು: ಮಗಳ ಮದುವೆ, ಬತ್ತಿದ ಬಾವಿ, ಪಾಲು ಕೇಳುತ್ತಿರುವ ತಮ್ಮ. ಅದರಿಂದಲೇ ಇರಬೇಕು, ಕಾದಂಬರಿ ತೆರೆದಾಗ ನಾನು ಮೊದಲು ಹುಡುಕುವುದು ಆ ಮನೆಯ ಒಲೆಯನ್ನು. ಅಕ್ಕಿ ಎಲ್ಲಿಂದ ಬಂತು, ದುಡಿದವರು ಯಾರು, ಕುಳಿತು ಉಂಡವರು ಯಾರು? ಇದು ಗೊತ್ತಿರುವ ಲೇಖಕರು ಪ್ರೀತಿಯ ಬಗ್ಗೆ ಬರೆಯಲಿ, ಸಾವಿನ ಬಗ್ಗೆ ಬರೆಯಲಿ, ದೇವರ ಬಗ್ಗೆಯೇ ಬರೆಯಲಿ, ನಾನು ನಂಬುತ್ತೇನೆ. ಪ್ರಕಾರ ಯಾವುದೆಂಬುದು ನನಗೆ ಆಮೇಲಿನ ಮಾತು.

ಹಾಗೆ ನೋಡಿದರೆ ನನ್ನ ಮೊದಲ ಪುಸ್ತಕ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಬಂದದ್ದು, ನಾನು ಓದಿದ್ದು ಪಿಯುಸಿ ರಜೆಯಲ್ಲಿ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗಷ್ಟೇ ಶಾನುಭೋಗ. ಲೆಕ್ಕವನ್ನೆಲ್ಲ ಬರೆಯುವವಳು ನಂಜಮ್ಮ. ಅದೂ ಸಾಲದೆ ಮುತ್ತುಗದ ಎಲೆ ತಂದು, ಹಚ್ಚಿ, ಕಟ್ಟು ಕಟ್ಟಿ ಮಾರುತ್ತಾಳೆ. ನಮ್ಮ ಅಜ್ಜಿಯೂ ಎಲೆ ಹಚ್ಚುತ್ತಿದ್ದರು. ಹಂಚಿಕಡ್ಡಿ ಚುಚ್ಚಿ ಚುಚ್ಚಿ ಅವರ ಬಲಗೈ ಹೆಬ್ಬೆರಳ ತುದಿ ಒರಟಾಗಿತ್ತು. ಚಿಕ್ಕಂದಿನಲ್ಲಿ ಆ ಬೆರಳನ್ನು ಹಿಡಿದು ನಡೆದಿದ್ದೆನೇ ಹೊರತು ಅದು ಹಾಗೇಕಾಯಿತು ಎಂದು ಕೇಳಿರಲಿಲ್ಲ. ಆ ಪುಟಗಳನ್ನು ಓದಿದ ದಿನ ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಸುಮ್ಮನೆ ಕುಳಿತೆ. ನಂಜಮ್ಮನ ಮನೆಗೆ ಪ್ಲೇಗು ಬಂದು ಬೆಳೆದ ಮಕ್ಕಳನ್ನು ಕೊಂಡೊಯ್ಯುವ ಭಾಗವನ್ನು ನಾನು ಎರಡನೆಯ ಬಾರಿ ಓದಲು ಬಹಳ ವರ್ಷ ಬೇಕಾಯಿತು. ಭೈರಪ್ಪನವರು ತಾವೇ ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಇಷ್ಟಿದ್ದೂ ಆ ಭಾಗದಲ್ಲಿ ಅಳುವಿನ ಒಂದು ಹೆಚ್ಚಿನ ಮಾತಿಲ್ಲ. ಊರು ಬಿಟ್ಟು ಗುಡಿಸಲು ಹಾಕಿಕೊಳ್ಳುವುದು, ಮತ್ತೆ ಲೆಕ್ಕದ ಪುಸ್ತಕ ತೆರೆಯುವುದು, ಉಳಿದವರಿಗೆ ಹಿಟ್ಟು ಬೇಯಿಸುವುದು, ಹೀಗೆ ದಿನ ಸಾಗುತ್ತದೆ. ಬದುಕಿನಲ್ಲಿ ದುಃಖ ಬರುವುದೇ ಹಾಗೆ, ಕೆಲಸದ ನಡುವೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಾನು ತಡವಾಗಿ ಓದಿದೆ. ಸಮುದ್ರ ನೋಡದ ಬಯಲುಸೀಮೆಯವಳಿಗೆ ಕೋಡಿ ಎಂಬ ಆ ಕರಾವಳಿ ಊರಿನ ಮಳೆ, ಮರಳು, ಹೊಳೆಯ ನೆರೆ ಎಲ್ಲವೂ ಹೊಸವು. ಮೂರು ತಲೆಮಾರಿನ ಕಥೆ ಎಂದು ಎಲ್ಲರೂ ಹೇಳುತ್ತಾರೆ. ರಾಮ ಐತಾಳರ ಪೌರೋಹಿತ್ಯ, ಮಗ ಲಚ್ಚನ ಇಂಗ್ಲಿಷ್ ಓದು ಮತ್ತು ಹಾಳಾದ ಬದುಕು, ಮೊಮ್ಮಗ ರಾಮ ಮಣ್ಣಿಗೆ ಮರಳುವುದು. ಆದರೆ ನನ್ನ ಕಣ್ಣಿಗೆ ಅದು ಐತಾಳರ ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿಯ ಕಾದಂಬರಿ. ಗದ್ದೆಯ ಕೆಲಸ, ಸೌದೆ, ಹಟ್ಟಿ, ಮಳೆಗಾಲಕ್ಕೆ ಬೇಕಾದದ್ದರ ದಾಸ್ತಾನು ಎಲ್ಲ ಆ ಇಬ್ಬರ ಮೈಮುರಿದ ದುಡಿಮೆ. ಆಮೇಲೆ ಸೊಸೆ ನಾಗವೇಣಿಯದೂ ಅದೇ ಪಾಡು. ಕಾರಂತರು ಅವರನ್ನು ಹೊಗಳುವುದಿಲ್ಲ, ಅವರಿಗಾಗಿ ಮರುಗುವುದೂ ಇಲ್ಲ. ಏನು ಮಾಡಿದರು, ಎಷ್ಟು ಹೊತ್ತಿಗೆ ಎದ್ದರು ಎಂದು ಬರೆಯುತ್ತ ಹೋಗುತ್ತಾರೆ. ಪಕ್ಕದ ಶೀನ ಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ದುಡ್ಡು ಕಳುಹಿಸತೊಡಗಿದಾಗ ಐತಾಳರ ಎದೆಯಲ್ಲಿ ಏಳುವ ತಳಮಳವನ್ನು ಗಮನಿಸಿ ಓದಿ. ಕರಾವಳಿಯವರು ಊರು ಬಿಟ್ಟು ಊರೂರಿನಲ್ಲಿ ಹೋಟೆಲು ಕಟ್ಟಿದ ದೊಡ್ಡ ಚರಿತ್ರೆ ಅಲ್ಲಿ ಎರಡು ಮನೆಗಳ ಮಾಡಿನ ಎತ್ತರದ ಪೈಪೋಟಿಯಾಗಿ ಬಂದಿದೆ.

ಹೊಲ, ತೋಟ, ಅಗ್ರಹಾರದ ಕಾದಂಬರಿಗಳು ನಮ್ಮಲ್ಲಿ ಬೇಕಾದಷ್ಟಿವೆ; ಕಚೇರಿಯನ್ನು ಒಳಗಿನಿಂದ ಬರೆದವು ಕಡಿಮೆ. ಆದ್ದರಿಂದ ಯಶವಂತ ಚಿತ್ತಾಲರ ‘ಶಿಕಾರಿ’ (1979) ನನಗೆ ಅಮೂಲ್ಯ. ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ರಜೆಯ ಮೇಲೆ ಕಳುಹಿಸುತ್ತಾರೆ. ತಪ್ಪೇನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಹೋಗಿ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಮೇಲಿನವರ ಒಂದು ನಗೆ, ಒಂದು ಟೆಲಿಫೋನು ಕರೆ, ಕಡತದ ಒಂದು ಸಾಲು ಮನುಷ್ಯನ ನಿದ್ದೆಯನ್ನು ಹೇಗೆ ಕೆಡಿಸುತ್ತದೆ ಎಂದು ಬಲ್ಲವರು. ನನ್ನ ಮೇಲೂ ಒಮ್ಮೆ ಇಲಾಖಾ ವಿಚಾರಣೆ ನಡೆದಿತ್ತು. ನಾಲ್ಕು ತಿಂಗಳ ನಂತರ ತಪ್ಪು ನನ್ನದಲ್ಲವೆಂದು ಬರೆದುಕೊಟ್ಟರು. ಆ ನಾಲ್ಕು ತಿಂಗಳು ನನ್ನ ಮನಸ್ಸಿನಲ್ಲಿ ನಡೆದದ್ದಕ್ಕೆ ಮಾತು ಸಿಕ್ಕಿದ್ದು ಈ ಪುಸ್ತಕದಲ್ಲಿ. ಹೊಸಬರಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅದೇ ಜಾಡಿನದು. ಸೇಲ್ಸ್‌ಮನ್ ಅಪ್ಪನ ದಿನದ ಲೆಕ್ಕವನ್ನು ಮನೆಯವರೆಲ್ಲ ಕುಳಿತು ತಾಳೆ ನೋಡುತ್ತಿದ್ದ ಸಣ್ಣ ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದ ಮೇಲೆ ಏನಾಗುತ್ತದೆ ನೋಡಿ. ದುಡಿದು ತರುವವನ ಸುತ್ತ ಇಡೀ ಮನೆ ಕಾವಲು ನಿಲ್ಲುತ್ತದೆ. ಒಂದೇ ಕೂತಿಗೆ ಮುಗಿಯುವಷ್ಟು ಚಿಕ್ಕ ಪುಸ್ತಕ.

ಈಗ ಪ್ರಕಾರಗಳ ವಿಷಯ. ನಮ್ಮ ಬೀದಿಯ ತುದಿಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ದಿನಕ್ಕೆ ಇಪ್ಪತ್ತೈದು ಪೈಸೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿದು ಸಾಯಿಸುತೆಯವರ ತನಕ ಎಲ್ಲ ಅಲ್ಲಿಂದಲೇ ಓದಿದೆ. ಪತ್ತೇದಾರಿ ನನ್ನನ್ನು ಹೆಚ್ಚು ದಿನ ಹಿಡಿದಿಡಲಿಲ್ಲ. ಕಳ್ಳ ಸಿಕ್ಕಿದ ಮೇಲೆ ಪುಸ್ತಕದಲ್ಲಿ ಉಳಿಯುವುದು ಕಡಿಮೆ. ಆದರೂ ಲಕ್ಷಾಂತರ ಮಂದಿಗೆ ಕನ್ನಡದಲ್ಲಿ ಪುಟ ತಿರುವುವ ಅಭ್ಯಾಸ ಹತ್ತಿಸಿದ್ದು ಅಂತಹ ಪುಸ್ತಕಗಳೇ. ನನಗೆ ಕೋಪ ಬರುವುದು ಹೆಂಗಸರು ಬರೆದದ್ದನ್ನು ಹಗುರ ಮಾಡುವ ‘ಅಡುಗೆಮನೆ ಸಾಹಿತ್ಯ’ ಎಂಬ ಮಾತು ಕೇಳಿದಾಗ. ಆ ಮಾತಾಡುವವರು ತ್ರಿವೇಣಿಯವರ ‘ಶರಪಂಜರ’ವನ್ನು ನಿಜವಾಗಿ ಓದಿದ್ದಾರೆಯೇ? ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ವಾಸಿಯಾದವಳೆಂದು ಒಪ್ಪುವುದಿಲ್ಲ. ನಕ್ಕರೂ ಸಂಶಯ, ಸುಮ್ಮನಿದ್ದರೂ ಸಂಶಯ. ಬಾಣಂತಿಯ ಮನಸ್ಸಿನ ಕಾಯಿಲೆಯ ಬಗ್ಗೆ ಇಂದಿಗೂ ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ಮಾತನಾಡುತ್ತಾರೆ. ತ್ರಿವೇಣಿ ಅರವತ್ತು ವರ್ಷಗಳ ಹಿಂದೆಯೇ ಅದನ್ನು ಕಾದಂಬರಿಯ ನಡುಮನೆಯಲ್ಲಿ ಕೂರಿಸಿದರು. ಅವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕೂಡ ಹಾಗೆಯೇ. ಇಂದಿರಾ ಕಾದಂಬರಿ ಬರೆಯತೊಡಗಿದ್ದು ನಲವತ್ತೈದು ದಾಟಿದ ಮೇಲೆ. ಬಾಲವಿಧವೆ ಫಣಿಯಮ್ಮ ಒಬ್ಬರ ಮನೆಯ ಹಪ್ಪಳ, ಇನ್ನೊಬ್ಬರ ಮನೆಯ ಬಾಣಂತನ ಎಂದು ಜೀವಮಾನವೆಲ್ಲ ದುಡಿದು, ಕೊನೆಗೆ ಜಾತಿಯ ಗೆರೆಯನ್ನೂ ದಾಟಿ ಹೆರಿಗೆ ಮಾಡಿಸುತ್ತಾಳೆ. ಭಾಷಣವಿಲ್ಲದೆ ಇಷ್ಟು ದೂರ ನಡೆದ ಹೆಂಗಸು ನಮ್ಮ ಕಾದಂಬರಿಗಳಲ್ಲಿ ಇನ್ನೊಬ್ಬಳಿದ್ದರೆ ಹೇಳಿ, ಓದುತ್ತೇನೆ.

ಐತಿಹಾಸಿಕ ಕಾದಂಬರಿಗಳಲ್ಲಿ ಎಲ್ಲರಿಗೂ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮೊದಲು. 1779ರಲ್ಲಿ ಹೈದರಾಲಿಗೆ ಚಿತ್ರದುರ್ಗ ಬಿದ್ದ ಕಥೆಯನ್ನು ಮಗನನ್ನು ಕಳೆದುಕೊಂಡ ತಾಯಿಯಂತೆ ಬರೆದಿದ್ದಾರೆ. ಓದುವಾಗ ಕಣ್ಣು ತುಂಬುತ್ತದೆ, ನಿಜ. ಆದರೂ ನನ್ನ ಆಯ್ಕೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಮಾಸ್ತಿ ಮೈಸೂರು ಸಂಸ್ಥಾನದ ಆಡಳಿತದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ್ದಕ್ಕೆ ಅವರು ಒಬ್ಬನೇ ಖಳನನ್ನು ಹುಡುಕುವುದಿಲ್ಲ. ರಾಜನ ಕ್ರೌರ್ಯ, ಅವನ ಆಪ್ತ ಕುಂಟ ಬಸವನ ಸಲುಗೆ, ಬೋಪಣ್ಣನಂತಹ ಒಳ್ಳೆಯ ಮಂತ್ರಿಗಳ ಅಸಹಾಯಕತೆ, ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟನ ಮರ್ಯಾದೆಯ ಕಾಗದಗಳು ಒಂದಕ್ಕೊಂದು ಹೆಣೆದುಕೊಂಡು ರಾಜ್ಯ ಸದ್ದಿಲ್ಲದೆ ಕುಸಿಯುತ್ತದೆ. ಆಡಳಿತ ಎಂಬ ಕೆಲಸವನ್ನು ಮಾಡಿದವರಿಗೆ ಮಾತ್ರ ಬರುವ ಬರವಣಿಗೆ ಅದು.

ನಿರಾಸೆಯ ಬಗ್ಗೆಯೂ ಹೇಳಬೇಕು. ಭೈರಪ್ಪನವರನ್ನು ಇಷ್ಟು ಪ್ರೀತಿಸುವ ನನಗೆ ಅವರ ‘ಆವರಣ’ (2007) ಓದುವುದು ಕಷ್ಟವಾಯಿತು. ವಾದ ಮೊದಲೇ ತೀರ್ಮಾನವಾಗಿದೆ. ಪಾತ್ರಗಳು ಅದಕ್ಕೆ ಸಾಕ್ಷಿ ನುಡಿಯಲು ಬಂದು ನಿಂತಿವೆ. ನಂಜಮ್ಮ ಯಾವ ವಾದಕ್ಕೂ ಸಾಕ್ಷಿಯಾಗಿ ನಿಂತವಳಲ್ಲ. ಮಹಾಭಾರತದ ಕಥೆಯನ್ನು ಮತ್ತೆ ಹೇಳುವ ಅವರ ‘ಪರ್ವ’ದಲ್ಲಿ ಕೂಡ ವಿಚಾರ ಬೇಕಾದಷ್ಟಿದೆ, ಆದರೆ ಅಲ್ಲಿ ಯುದ್ಧವೆಂದರೆ ಮೊದಲು ಸೈನ್ಯಕ್ಕೆ ಧಾನ್ಯ, ನೀರು, ಆಮೇಲೆ ಕೊಳೆಯುವ ಹೆಣಗಳ ನಾತ. ಅದರಿಂದಾಗಿ ವಿಚಾರಕ್ಕೆ ನೆಲ ಸಿಕ್ಕಿದೆ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಮೂರು ಸಲ ಓದಿದ್ದೇನೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತೊಳಲಾಟ ಮೂರು ಸಲವೂ ನನ್ನಿಂದ ಸ್ವಲ್ಪ ದೂರವೇ ಉಳಿಯಿತು. ಮನಸ್ಸಿನಲ್ಲಿ ನಿಂತದ್ದು ಹೆಣ ಎತ್ತುವವರೆಗೆ ಉಣ್ಣುವಂತಿಲ್ಲದ ಅಗ್ರಹಾರದ ಹಸಿವು. ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪನ ಸಂಸ್ಕಾರಕ್ಕೆ ಶಾಸ್ತ್ರ ಹುಡುಕುತ್ತ ಗಂಡಸರು ಕುಳಿತಿರುವಾಗ ಅವನ ಜೊತೆಗಿದ್ದ ಚಂದ್ರಿ ರಾತ್ರೋರಾತ್ರಿ ಹೆಣ ಸುಡಿಸಿಬಿಡುತ್ತಾಳಲ್ಲ, ಆ ಪುಸ್ತಕದಲ್ಲಿ ಮಾಡಬೇಕಾದ ಕೆಲಸ ಮಾಡಿದವಳು ಅವಳೊಬ್ಬಳೇ. ಈ ಮಾತಿಗೆ ನನ್ನ ಓದುಗ ಗೆಳತಿಯರು ಒಪ್ಪುವುದಿಲ್ಲ, ನಾನು ಬಿಟ್ಟುಕೊಟ್ಟಿಲ್ಲ.

ದೇವನೂರ ಮಹಾದೇವರ ‘ಕುಸುಮಬಾಲೆ’ ಮೊದಲ ಸಲ ನನಗೆ ಒಲಿಯಲಿಲ್ಲ. ನಂಜನಗೂಡು ಸೀಮೆಯ ಮಾತು, ರಾತ್ರಿ ಒಂದೆಡೆ ಸೇರಿ ಮಾತನಾಡುವ ಜೋತಮ್ಮಗಳು ಎಂಬ ಮನೆಮನೆಯ ದೀಪಗಳು, ಎಲ್ಲಿ ಕಥೆ ಎಲ್ಲಿ ಹಾಡು ಎಂದು ತಿಳಿಯದೆ ಪುಸ್ತಕ ಮುಚ್ಚಿಟ್ಟೆ. ಎರಡು ವರ್ಷದ ಮೇಲೆ ಒಂದು ಸಂಜೆ ಬಾಯಿಬಿಟ್ಟು ಓದತೊಡಗಿದೆ. ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಇಬ್ಬರೂ ಸೇರಿ ಒಂದು ವಾರದಲ್ಲಿ ಮುಗಿಸಿದೆವು. ನೀವೂ ಅದನ್ನು ಕಣ್ಣಿನಲ್ಲಿ ಓದಬೇಡಿ, ಕಿವಿಗೆ ಕೊಡಿ.

ನಿಮಗೆ ಹತ್ತು ವರ್ಷದ ಅಂತರ ಬಿದ್ದಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಿಂದ (1980) ಹಿಡಿಯಿರಿ. ಬೇಸಾಯದಲ್ಲಿ ಸೋತು ಜಮೀನು ಮಾರಿಬಿಡಲೇ ಎಂದು ಯೋಚಿಸುವ ಒಬ್ಬ, ಜೇನಿನ ವಿಷಯದಲ್ಲಿ ಪಂಡಿತನಾದ ಮಂದಣ್ಣ, ಒಬ್ಬ ವಿಜ್ಞಾನಿ, ‘ಕಿವಿ’ ಎಂಬ ನಾಯಿ, ಇವರೆಲ್ಲ ಹಾರುವ ಓತಿಯನ್ನು ಹುಡುಕುತ್ತ ಪಶ್ಚಿಮ ಘಟ್ಟದ ಕಾಡಿಗೆ ಹೋಗುತ್ತಾರೆ. ವಾಕ್ಯಗಳು ಚಿಕ್ಕವು, ಎಲ್ಲೂ ತಡೆಯುವುದಿಲ್ಲ. ಎರಡನೆಯದು ‘ಫಣಿಯಮ್ಮ’, ಮೂರನೆಯದು ‘ಗೃಹಭಂಗ’. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಂದು ಮಳೆಗಾಲಕ್ಕೆಂದು ಎತ್ತಿಡಿ. ಮೊದಲ ನೂರು ಪುಟಗಳಲ್ಲಿ ಮನೆಗಳ ಹೆಸರು, ಮನುಷ್ಯರ ಹೆಸರು ಕಲಸಿಹೋಗುತ್ತವೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ನಾನೂ ಹಾಗೆಯೇ ಮಾಡಿದ್ದೆ. ಗುತ್ತಿ ಮತ್ತು ‘ಹುಲಿಯ’ ಎಂಬ ಅವನ ನಾಯಿ ದಾರಿ ನಡೆಯುತ್ತಿರುವಾಗ ಅವರ ಹಿಂದೆ ನಿಧಾನವಾಗಿ ಹೋಗಿ. ಕೊನೆಯಲ್ಲಿ ತುಂಗೆ ದಾಟುವ ಭಾಗ ಬರುವ ರಾತ್ರಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.