ನಾಲ್ಕು ದಿನದ ಪರಿಚಯ, ಒಂದೇ ಕಾರು

ಪ್ರಶ್ನೆ: ಮೇಡಂ, ಮೂರು ತಿಂಗಳ ತರಬೇತಿಗೆಂದು ಮೆಲ್ಬರ್ನ್‌ಗೆ ಬಂದಿದ್ದೇನೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಪರಿಚಯವಾದ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಸೇರಿ ಬಾಡಿಗೆ ಕಾರಿನಲ್ಲಿ ಕಡಲಂಚಿನ ಗ್ರೇಟ್ ಓಷನ್ ರೋಡ್ ನೋಡಿಬರೋಣ ಅನ್ನುತ್ತಿದ್ದಾರೆ. ಪರಿಚಯ ನಾಲ್ಕೇ ದಿನದ್ದು. ಲೈಸೆನ್ಸ್ ಇರುವುದು ನನಗೆ ಮತ್ತು ಇನ್ನೊಬ್ಬಳಿಗೆ ಮಾತ್ರ. ಒಂದೇ ದಿನದಲ್ಲಿ ಹೋಗಿಬರಬಹುದಂತೆ. ಅಮ್ಮನಿಗೆ ಹೇಳಿದರೆ ಹೆದರುತ್ತಾರೆ. ಹೋಗಲೇ?
– ಹೆಸರು ಬೇಡ

ಉತ್ತರ: ಹೋಗಿ ಬನ್ನಿ ತಂಗಿ. ಆದರೆ ಒಂದೇ ದಿನಕ್ಕೆ ಬೇಡ, ಅಮ್ಮನಿಗೆ ಹೇಳದೆಯೂ ಬೇಡ.

ಏಳು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ನಾನೂ ಹೀಗೇ ಹೋಗಿದ್ದೆ. ಚಿಲಿಯ ಒಬ್ಬ ಹುಡುಗಿ, ಜರ್ಮನಿಯ ಒಬ್ಬ ನರ್ಸ್, ಕೊರಿಯಾದ ಒಬ್ಬ ವಿದ್ಯಾರ್ಥಿ, ಜೊತೆಗೆ ನಾನು. ಕಾರು ಚಿಲಿಯವಳ ಹೆಸರಲ್ಲಿತ್ತು. ಒಪ್ಪಂದದ ಕಾಗದದಲ್ಲಿ ಚಾಲಕರೆಂದು ಇದ್ದದ್ದು ಅವಳ ಹೆಸರು, ನನ್ನ ಹೆಸರು, ಅಷ್ಟೇ. ಮಧ್ಯಾಹ್ನ ಊಟವಾದ ಮೇಲೆ ನರ್ಸ್ "ನೀವಿಬ್ಬರೂ ದಣಿದಿದ್ದೀರಿ" ಎಂದು ಕೀಲಿ ಕೈಗೆ ತೆಗೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ. ನನಗೆ ಕಾಗದ ನೆನಪಿತ್ತು, ಆದರೂ ಹೊಸ ಸ್ನೇಹ ಕೆಡುತ್ತದಲ್ಲಾ ಎಂದು ಸುಮ್ಮನಿದ್ದೆ. ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿ ಹಿಂದಿನ ಬಾಗಿಲ ಮೇಲೆ ಒಂದು ಗೇಣುದ್ದ ಗೀರು ಬಿತ್ತು. ಹೆಸರಿಲ್ಲದವರು ಓಡಿಸಿದ್ದರಿಂದ ವಿಮೆ ಸಿಗಲಿಲ್ಲ. ಹಣ ಕಡಿತವಾದದ್ದು ಚಿಲಿಯವಳ ಕಾರ್ಡಿನಿಂದ. ಕೌಂಟರಿನ ಮುಂದೆ ರಸೀದಿ ಹಿಡಿದು ಅವಳು ನಿಂತಿದ್ದ ರೀತಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ನಾವು ಪಾಲು ಹಾಕಿ ಕೊಟ್ಟೆವು, ನಿಜ. ಆದರೆ ಒಂದು ಮಾತು ಆಡಬೇಕಾದ ಹೊತ್ತಿಗೆ ನಾನು ಆಡಲಿಲ್ಲ.

ಹಾಗಾಗಿ ಕಾರು ಹತ್ತುವ ಹಿಂದಿನ ರಾತ್ರಿಯೇ ನಾಲ್ವರೂ ಕೂತು ಮಾತಾಡಿ. ನೀವಿಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಒಪ್ಪಂದದಲ್ಲಿರಲಿ. ಲೈಸೆನ್ಸಿನ ಮೂಲ ಕಾರ್ಡ್ ಜೊತೆಗಿರಲಿ, ಫೋನಿನ ಫೋಟೋ ನೆಚ್ಚಿಕೊಳ್ಳಬೇಡಿ. ಕಾರು ಕೈಗೆ ಬಂದ ತಕ್ಷಣ ಸುತ್ತ ಒಂದು ವೀಡಿಯೊ ಮಾಡಿಕೊಳ್ಳಿ. ಪೆಟ್ರೋಲು, ಕೊಠಡಿ, ಗೀರು ಬಿದ್ದರೆ ಅದರ ಖರ್ಚು, ಎಲ್ಲಕ್ಕೂ ಪಾಲು ಎಷ್ಟೆಂದು ಆಗಲೇ ಹೇಳಿಕೊಳ್ಳಿ. ಈ ಮಾತಿಗೆ ಮುಖ ಸಿಂಡರಿಸುವವರು ಇದ್ದರೆ ಅವರ ಜೊತೆ ಹೋಗಬೇಡಿ.

ರಸ್ತೆ ಟಾರ್ಕೀಯಿಂದ ಅಲನ್ಸ್‌ಫರ್ಡ್‌ವರೆಗೆ 243 ಕಿಲೋಮೀಟರ್. ಮೆಲ್ಬರ್ನ್‌ನಿಂದ ಹೋಗಿ ಬರುವ ದೂರ ಬೇರೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ, ಗುದ್ದಲಿ ಪಿಕಾಸಿ ಹಿಡಿದು, ಮಡಿದ ಒಡನಾಡಿಗಳ ನೆನಪಿಗೆಂದು ಕಡಿದ ದಾರಿ ಇದು. ತಿರುವುಗಳು ಅವಸರಕ್ಕೆ ಹೇಳಿದವಲ್ಲ. ಹಿಂದೆ ಕಾರು ಅಂಟಿಕೊಂಡು ಬಂದರೆ ಬದಿಯ ಜಾಗ ನೋಡಿ ನಿಲ್ಲಿಸಿ ಅವರನ್ನು ಬಿಟ್ಟುಬಿಡಿ. ಮುಸ್ಸಂಜೆಗೆ ಕಾಂಗರೂಗಳು ದಾರಿಗೆ ಬರುತ್ತವೆ. ಅದಕ್ಕೇ ಅಪೋಲೊ ಬೇಯಲ್ಲೋ ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲೋ ಒಂದು ರಾತ್ರಿ ಉಳಿಯಿರಿ.

ಕಡಲಂಚಿನ ಬೇಲಿ ದಾಟಿ ಫೋಟೋ ತೆಗೆಯೋಣ ಎಂದು ಯಾರಾದರೂ ಕರೆದರೆ ಹೋಗಬೇಡಿ. ಅಲ್ಲಿನ ಬಂಡೆ ಸುಣ್ಣದ ಕಲ್ಲು, ಅಲೆ ಅದನ್ನು ಬುಡದಲ್ಲೇ ತಿನ್ನುತ್ತದೆ. 1990ರ ಜನವರಿಯಲ್ಲಿ ಲಂಡನ್ ಬ್ರಿಡ್ಜ್ ಎನ್ನುವ ಬಂಡೆಯ ಕಮಾನಿನ ದಡದ ಭಾಗ ಕುಸಿದು, ಆಚೆ ತುದಿಯಲ್ಲಿದ್ದ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. 2005ರಲ್ಲಿ ಟ್ವೆಲ್ವ್ ಅಪಾಸಲ್ಸ್ ಎನ್ನುವ, ಕಡಲಲ್ಲಿ ನಿಂತ ಬಂಡೆಗಂಬಗಳಲ್ಲಿ ಒಂದು ಕುಸಿದು ಕಲ್ಲಿನ ರಾಶಿಯಾಯಿತು.

ಲಾಕ್ ಆರ್ಡ್ ಕಣಿವೆಯಲ್ಲಿ ಮಾತ್ರ ಗಡಿಯಾರ ನೋಡಬೇಡಿ. 1878ರ ಜೂನ್ 1ರಂದು ಲಾಕ್ ಆರ್ಡ್ ಹಡಗು ಒಡೆದು, ಇದ್ದ 54 ಜನರಲ್ಲಿ ಉಳಿದವರು ಇಬ್ಬರೇ: ಹಡಗಿನ ಹುಡುಗ ಟಾಮ್ ಪಿಯರ್ಸ್, ಪ್ರಯಾಣಿಕಳು ಇವಾ ಕಾರ್ಮೈಕಲ್. ದಡ ಸೇರಿದ್ದ ಟಾಮ್, ಅವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಎಳೆದು ತಂದ. ಬೆಳಗಿನಿಂದ ಹತ್ತು ಮಾತೂ ಆಡದಿದ್ದ ಕೊರಿಯಾದ ಹುಡುಗ, ಫಲಕದ ಮೇಲಿನ ಈ ಕಥೆಯನ್ನು ತಡೆತಡೆದು ನಮಗೆ ಓದಿ ಹೇಳಿದ. ನಾವು ಮೂವರೂ ಅಲ್ಲಾಡದೆ ನಿಂತು ಕೇಳಿದೆವು. ಗೀರಿನ ಬೇಸರ ಅಲ್ಲಿ ಸ್ವಲ್ಪ ಇಳಿಯಿತು.

ಅಮ್ಮನಿಗೆ ಕಾರಿನ ನಂಬರ್, ಉಳಿಯುವ ಜಾಗ, ಮೂವರ ಜೊತೆ ನಿಂತ ಒಂದು ಫೋಟೋ ಕಳಿಸಿ. ಆಟ್ವೇ ಕಾಡಿನ ಕಡೆ ಸಿಗ್ನಲ್ ತಪ್ಪುತ್ತದೆ ಎಂದೂ ಮೊದಲೇ ತಿಳಿಸಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ತುರ್ತು ಸಂಖ್ಯೆ 000.

ಇನ್ನೊಂದು ಚಿಕ್ಕ ವಿಷಯ. ನಮ್ಮ ಹಾಗೇ ಅಲ್ಲಿಯೂ ಎಡಬದಿಯಲ್ಲಿ ಓಡಿಸಬೇಕು. ಪಶ್ಚಿಮಕ್ಕೆ ಹೋಗುವಾಗ ಸಮುದ್ರವೂ ಎಡಕ್ಕೇ. ಮುಂದಿನ ಎಡ ಸೀಟಿನಲ್ಲಿ ಒಬ್ಬರೇ ಗೂಟ ಹೊಡೆದು ಕೂರಬೇಡಿ. ನಿಂತಲ್ಲೆಲ್ಲ ಬದಲಾಯಿಸಿಕೊಳ್ಳಿ.