ಕಾರಿನ ಚಾರ್ಜರ್ ಯಾವ ಗೋಡೆಗೆ?

ಪ್ರಶ್ನೆ: ಉಡುಪಿ ಸಮೀಪ ಹನ್ನೆರಡು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆಯಿದೆ. ಮುಂದಿನ ತಿಂಗಳು ವಿದ್ಯುತ್ ಕಾರು ಬರಲಿದೆ. ಬ್ಯಾಟರಿ ಸುಮಾರು 40 ಯೂನಿಟ್ ಹಿಡಿಯುತ್ತದೆ, ಚಾರ್ಜ್ ಮಾಡುವ ಬಾಯಿ ಕಾರಿನ ಮುಂಭಾಗದಲ್ಲಿದೆ. ಚಾರ್ಜರ್ ಕೂರಿಸಲು ಪೋರ್ಟಿಕೊದ ಗೋಡೆ, ಗೇಟಿನ ಪಕ್ಕದ ಕಾಂಪೌಂಡ್ ಗೋಡೆ ಮತ್ತು ಹಿತ್ತಲಿನ ಹಳೆಯ ಶೆಡ್ಡು, ಹೀಗೆ ಮೂರು ಜಾಗ ನೋಡಿಟ್ಟಿದ್ದೇವೆ. ಮೀಟರ್ ಬೋರ್ಡ್ ಜಗಲಿಯಲ್ಲಿದೆ. ಪೋರ್ಟಿಕೊದ ಒಳತುದಿಯಲ್ಲಿ ಅಡುಗೆಮನೆಯ ಮೂಲೆ ಬರುತ್ತದೆ, ಅಲ್ಲೇ ಹೊರಗೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದೇವೆ. ಮಂಜೂರಾದ ಲೋಡ್ 3 ಕಿಲೋವ್ಯಾಟ್. ದಿನಕ್ಕೆ 45 ಕಿ.ಮೀ. ಓಡಾಟವಿದೆ. ಯಾವ ಜಾಗ ಸೂಕ್ತ?

ಉತ್ತರ: ಪೋರ್ಟಿಕೊದ ಗೋಡೆಯೇ ಸೂಕ್ತ. ಆದರೆ ಆ ಗೋಡೆಯಲ್ಲೂ ಜಗಲಿಗೆ ಹತ್ತಿರದ ಭಾಗವನ್ನು ಆರಿಸಿಕೊಳ್ಳಿ, ಕಾರನ್ನು ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳಿ. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಹೆಚ್ಚಿನವರು ಮೊದಲು ಖಾಲಿ ಗೋಡೆಯನ್ನು ಹುಡುಕಿ ಚಾರ್ಜರ್ ಕೂರಿಸುತ್ತಾರೆ, ಆಮೇಲೆ ಕಾರನ್ನು ಅದಕ್ಕೆ ಹೊಂದಿಸಲು ದಿನವೂ ಹೆಣಗುತ್ತಾರೆ. ನೀವು ಮೊದಲು ಕಾರು ರಾತ್ರಿ ನಿಲ್ಲುವ ಜಾಗವನ್ನು ಗೊತ್ತುಮಾಡಿ. ಈಗಿರುವ ಕಾರನ್ನೇ ಅಲ್ಲಿ ನಿಲ್ಲಿಸಿ, ಹೊಸ ಕಾರಿನ ಚಾರ್ಜಿಂಗ್ ಬಾಯಿ ಎಲ್ಲಿ ಬರುತ್ತದೆಯೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಂದ ಗೋಡೆಯವರೆಗೆ ಟೇಪು ಹಿಡಿದು ಅಳೆಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಚಾರ್ಜಿಂಗ್ ಬಿಂದುವಿನಿಂದ ವಾಹನದ ಬಾಯಿಗೆ 5 ಮೀಟರ್‌ಗಿಂತ ಹೆಚ್ಚು ಅಂತರವಿರಬಾರದು ಎನ್ನುತ್ತವೆ. ಕೇಬಲ್ ನೆಟ್ಟಗೆ ಎಳೆದು ಕಟ್ಟಿದಂತೆ ಇರಬಾರದು, ಚಕ್ರದ ಅಡಿಗೂ ಸಿಗಬಾರದು, ಜನ ಓಡಾಡುವ ದಾರಿಗೆ ಅಡ್ಡವಾಗಿಯೂ ಬೀಳಬಾರದು. ಆದ್ದರಿಂದ ಲೆಕ್ಕದಲ್ಲಿ ಮೂರು ಮೂರೂವರೆ ಮೀಟರ್ ಬಂದರೆ ಒಳ್ಳೆಯದು.

ಬಾಯಿ ಎಲ್ಲಾ ಕಾರುಗಳಲ್ಲೂ ಒಂದೇ ಕಡೆ ಇರುವುದಿಲ್ಲ ಎಂಬುದನ್ನೂ ಮನಸ್ಸಿನಲ್ಲಿಡಿ. ಟಾಟಾ ಪಂಚ್ ಈವಿ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ ಕಾರುಗಳಲ್ಲಿ ಅದು ಮೂತಿಯ ಮೇಲಿದೆ. ಮೊದಲ ನೆಕ್ಸಾನ್ ಈವಿಯಲ್ಲಿ ಪೆಟ್ರೋಲ್ ಮುಚ್ಚಳವಿರುವ ಹಿಂಭಾಗದ ಪಕ್ಕದಲ್ಲಿತ್ತು. ಚಾರ್ಜರ್ ಗೋಡೆಗೆ ಕೂತರೆ ಹತ್ತಾರು ವರ್ಷ ಅಲ್ಲೇ ಇರುತ್ತದೆ, ಕಾರು ಬದಲಾಗುತ್ತದೆ. ಹಾಗಾಗಿ ಗೋಡೆಯ ತೀರಾ ತುದಿಗೆ ಹೋಗದೆ, ನಡುವಿನಿಂದ ಸ್ವಲ್ಪ ಜಗಲಿಯ ಕಡೆಗೆ ಇರಿಸಿದರೆ ಮುಂದೆ ಬರುವ ಕಾರಿಗೂ ಕೇಬಲ್ ಎಟುಕುತ್ತದೆ.

ಈಗ ಸಿಲಿಂಡರ್ ವಿಷಯ. ಕಾರನ್ನು ನೇರವಾಗಿ ಒಳಗೆ ನುಗ್ಗಿಸಿ ನಿಲ್ಲಿಸಿದರೆ ಅದರ ಮೂತಿ ಅಡುಗೆಮನೆಯ ಮೂಲೆಗೆ, ಅಂದರೆ ಸಿಲಿಂಡರ್ ಬಳಿಗೇ ಹೋಗುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ, ಸೋರಿದರೆ ಮೇಲೇರಿ ಚದುರದೆ ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಚಾರ್ಜರಿನ ಸ್ವಿಚ್ಚು, ರಿಲೇಗಳಲ್ಲಿ (ತಾವಾಗಿಯೇ ಸಂಪರ್ಕ ಕೂಡಿಸಿ ಕಡಿಯುವ ಬಿಡಿಭಾಗ) ಸಣ್ಣ ಕಿಡಿ ಹುಟ್ಟುವುದು ಸಹಜ. ಚಾರ್ಜರ್ ಮತ್ತು ಸಿಲಿಂಡರ್ ನಡುವೆ ಕನಿಷ್ಠ ಮೂರು ಮೀಟರ್ ಅಂತರವಿರಲಿ ಎಂಬುದು ನನ್ನ ಸಲಹೆ. ಸಾಧ್ಯವಾದರೆ ಸಿಲಿಂಡರನ್ನೇ ಅಡುಗೆಮನೆಯ ಮತ್ತೊಂದು ಬದಿಗೆ ಸಾಗಿಸಿ. ಕಾರನ್ನು ಹಿಮ್ಮುಖವಾಗಿ ನಿಲ್ಲಿಸಿದರೆ ಮೂತಿ ಹೊರಕ್ಕೆ ಬರುತ್ತದೆ, ಜಗಲಿಯ ಮೀಟರ್ ಬೋರ್ಡ್ ಹತ್ತಿರವಾಗುತ್ತದೆ, ಬೆಳಿಗ್ಗೆ ಹೊರಡುವುದೂ ಸುಲಭ.

ಹಿತ್ತಲಿನ ಶೆಡ್ಡನ್ನು ಬಿಡಲು ಕಾರಣ ದೂರ. ಜಗಲಿಯಿಂದ ಮನೆಯನ್ನು ಸುತ್ತಿ ಹಿತ್ತಲಿಗೆ ತಂತಿ ಎಳೆಯಲು ಸುಮಾರು 30 ಮೀಟರ್ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ. 7.2 ಕಿಲೋವ್ಯಾಟ್‌ನ ಚಾರ್ಜರ್ 32 ಆಂಪಿಯರ್ ಕರೆಂಟನ್ನು ಗಂಟೆಗಟ್ಟಲೆ ನಿಲ್ಲದೆ ಎಳೆಯುತ್ತದೆ. ಅಂಗಡಿಯವರು 6 ಎಂಎಂ ಎನ್ನುವ (ಅಡ್ಡಕೊಯ್ತ 6 ಚದರ ಮಿ.ಮೀ.) ತಾಮ್ರದ ತಂತಿಯಲ್ಲಿ ಇಷ್ಟು ದೂರಕ್ಕೆ ಸುಮಾರು ಆರು ವೋಲ್ಟ್ ದಾರಿಯಲ್ಲೇ ಕರಗಿ, ಸರಿಸುಮಾರು 190 ವ್ಯಾಟ್ ಶಾಖವಾಗಿ ಕಂಡ್ಯೂಟ್ ಪೈಪಿನೊಳಗೆ ವ್ಯರ್ಥವಾಗುತ್ತದೆ. ಜಗಲಿಯಿಂದ ಪೋರ್ಟಿಕೊಗೆ ಆರೇಳು ಮೀಟರ್ ಸಾಕಾದರೆ ನಷ್ಟ ಇದರ ಕಾಲುಭಾಗಕ್ಕೂ ಇಳಿಯುತ್ತದೆ. ಮಳೆಗಾಲದ ರಾತ್ರಿ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಕೇಬಲ್ ಸಿಕ್ಕಿಸುವ ಕಷ್ಟ ಬೇರೆ.

ಗೇಟಿನ ಪಕ್ಕದ ಕಾಂಪೌಂಡ್ ಗೋಡೆ ನೋಡಲು ಅನುಕೂಲವೆನಿಸಬಹುದು. ಆದರೆ ಕರಾವಳಿಯ ಮನೆಗೆ ಅದು ಹೇಳಿ ಮಾಡಿಸಿದ ಜಾಗವಲ್ಲ. ಚಾರ್ಜರ್ ಪೆಟ್ಟಿಗೆಯ ಮೇಲೆ ಐಪಿ 54, ಐಪಿ 65 ಎಂದು ಬರೆದಿರುತ್ತದೆ. ಮೊದಲನೆಯದು ಎಲ್ಲ ಕಡೆಯಿಂದ ಸಿಡಿಯುವ ಹನಿಗಳನ್ನು ತಡೆಯುತ್ತದೆ, ಎರಡನೆಯದು ಧೂಳನ್ನು ಪೂರ್ಣ ತಡೆದು ಪೈಪಿನಿಂದ ಚಿಮ್ಮುವ ನೀರನ್ನೂ ತಾಳುತ್ತದೆ. ಆದರೆ ಈ ಅಂಕಿಗಳು ಕಾರ್ಖಾನೆಯಿಂದ ಬಂದ ಪೆಟ್ಟಿಗೆಗೆ ಸಂಬಂಧಿಸಿದವು. ಕೆಲಸಗಾರನು ಪೆಟ್ಟಿಗೆಯ ನೆತ್ತಿಗೆ ಡ್ರಿಲ್ ಹಿಡಿದು ತಂತಿ ಇಳಿಸಿದರೆ ಆ ಅಂಕಿಗೆ ಅರ್ಥ ಉಳಿಯುವುದಿಲ್ಲ. ತಂತಿ ಮೇಲಿನಿಂದ ಬಂದರೂ ಪೆಟ್ಟಿಗೆಯ ತಳಕ್ಕಿಂತ ಕೆಳಗಿಳಿದು, ಬಾಗಿ, ಮತ್ತೆ ಮೇಲೇರಿ ತಳದ ಗ್ಲ್ಯಾಂಡ್ (ತಂತಿಯನ್ನು ಬಿಗಿಹಿಡಿದು ನೀರು ತಡೆಯುವ ಬಿರಡೆ) ಮೂಲಕವೇ ಒಳಹೋಗಬೇಕು. ಆಗ ತಂತಿಯಗುಂಟ ಇಳಿದ ನೀರು ಬಾಗಿದ ಕಡೆಯಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗ್ಲ್ಯಾಂಡ್ ಬಿಗಿಯಾಗಿಲ್ಲದ ಪೆಟ್ಟಿಗೆಯೊಂದನ್ನು ತೆರೆದಾಗ ಟರ್ಮಿನಲ್‌ಗಳ ನಡುವೆ ಇರುವೆಗಳು ಮಣ್ಣು ತಂದು ಗೂಡು ಕಟ್ಟಿದ್ದನ್ನು, ಅದರ ಪಕ್ಕದಲ್ಲಿ ಹಲ್ಲಿಯೊಂದು ಸುಟ್ಟು ಅಂಟಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಗಾಳಿ ಸೇರಿದಾಗ ಅದು ನೇರವಾಗಿ ಬೀಳುವುದೂ ಇಲ್ಲ. ಆದ್ದರಿಂದ ಪೋರ್ಟಿಕೊದ ಅಂಚಿನಿಂದ ಒಂದು ಮೀಟರ್‌ನಷ್ಟಾದರೂ ಒಳಗೆ, ಎರಚಲು ತಾಗದ ಕಡೆ ಪೆಟ್ಟಿಗೆ ಇರಲಿ. ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯಾದರೆ ಮೇಲೆ ಚಿಕ್ಕ ಸಜ್ಜಾ ಹಾಕಿಸಿ. ಒಳಗಿನ ಬಿಸಿ ಹೆಚ್ಚಾದಾಗ ಅನೇಕ ಚಾರ್ಜರ್‌ಗಳು ತಾವಾಗಿಯೇ ವೇಗ ತಗ್ಗಿಸುತ್ತವೆ. ಕಾಂಪೌಂಡಿನ ಬಳಿ ತೆಂಗಿನಮರವಿದ್ದರೆ ಕಾಯಿ ಮತ್ತು ಗರಿ ಬೀಳುವ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ. ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುವುದರಿಂದ ತಂತಿಯ ತುದಿಗಳಿಗೆ ತವರ ಲೇಪಿಸಿದ ಲಗ್ಗುಗಳನ್ನೇ (ತುದಿಗೆ ಹಾಕುವ ಲೋಹದ ಟೋಪಿ) ಒತ್ತಿಸಿ. ಎತ್ತರದ ವಿಷಯದಲ್ಲಿ, ಸಾಕೆಟ್ ನೆಲದಿಂದ 800 ಮಿ.ಮೀ.ಗಿಂತ ಕೆಳಗಿರಬಾರದು ಎಂಬುದು ನಿಯಮ, 1.2 ಮೀಟರ್ ಇದ್ದರೆ ಬಗ್ಗದೆ ಬಳಸಬಹುದು.

ಇನ್ನು ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವ ಸಂಗತಿ ಅರ್ಥಿಂಗ್. ಚಾರ್ಜ್ ಆಗುವಾಗ ಕಾರಿನ ಲೋಹದ ಮೈಯೆಲ್ಲ ಅರ್ಥ್ ತಂತಿಗೆ ಜೋಡಣೆಗೊಂಡಿರುತ್ತದೆ, ಕಾರು ಮಾತ್ರ ರಬ್ಬರ್ ಟಯರುಗಳ ಮೇಲೆ ನಿಂತಿರುತ್ತದೆ. ಅರ್ಥ್ ಸರಿಯಿಲ್ಲದಾಗ ಸೋರಿದ ಕರೆಂಟು ಭೂಮಿಗೆ ಇಳಿಯಲು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ದೇಹವೇ ದಾರಿಯಾಗುತ್ತದೆ. ನಿಮ್ಮ ಕಡೆಯ ಮುರಕಲ್ಲಿನ ನೆಲ ಮಳೆಗಾಲದಲ್ಲಿ ತೇವದಿಂದಿದ್ದು ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಅದೇ ಅರ್ಥ್ ಪಿಟ್ಟಿನ (ಅರ್ಥ್ ತಂತಿ ನೆಲಕ್ಕಿಳಿಯುವ ಗುಂಡಿ) ರೋಧ ಹಲವು ಪಟ್ಟು ಏರಬಹುದು. ಆದ್ದರಿಂದ ಚಾರ್ಜರ್‌ಗೆಂದೇ ಹತ್ತಿರದಲ್ಲಿ ಪ್ರತ್ಯೇಕ ಅರ್ಥ್ ಪಿಟ್ ತೋಡಿಸಿ, ಅರ್ಥ್ ಟೆಸ್ಟರ್‌ನಿಂದ ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ಅಳೆಸಿ. ಐದು ಓಮ್‌ಗಿಂತ ಕಡಿಮೆ ಬರಬೇಕು. ಮಳೆಗಾಲದಲ್ಲಿ ಅಳೆದು ಬರೆದುಕೊಟ್ಟ ಅಂಕಿಯನ್ನು ನಂಬಿ ಕೂರಬೇಡಿ. ಪೋರ್ಟಿಕೊದ ಪಕ್ಕದಲ್ಲಿ ಹೂಗಿಡಗಳಿಗೆ ದಿನವೂ ನೀರು ಹಾಕುವ ಪಾತಿಯಿದ್ದರೆ ಪಿಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಅರ್ಥ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಆಗ ಕೆಲವರು ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ತುಂಡು ತಂತಿ ಜೋಡಿಸಿ ಚಾರ್ಜರ್‌ನ ಕಣ್ಣಿಗೆ ಮಣ್ಣೆರಚುತ್ತಾರೆ. ಒಂದು ಮನೆಯಲ್ಲಿ ಹೀಗೆಯೇ ಮಾಡಿದ್ದನ್ನು ನಾನೇ ತೆಗೆದುಹಾಕಿದ್ದೇನೆ: ಬೆರಳುದ್ದದ ಕಪ್ಪು ತಂತಿ, ಎರಡು ತಿರುಪುಗಳ ನಡುವೆ ಸಿಕ್ಕಿಸಿದ್ದು. ಆ ಜೋಡಣೆಯಿಂದ, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಪದೇ ಪದೇ ಬೀಳತೊಡಗಿದಾಗ ಅದನ್ನೂ ತೆಗೆದು ನೇರ ತಂತಿ ಕೊಟ್ಟಿದ್ದರು. ಈ ಸ್ಥಿತಿಯಲ್ಲಿ ಮೀಟರ್ ಕಡೆಯಿಂದ ಬರುವ ನ್ಯೂಟ್ರಲ್ ತಂತಿ ಎಲ್ಲಾದರೂ ಕಳಚಿದರೆ ಕಾರಿನ ಮೈಯೇ 230 ವೋಲ್ಟ್‌ಗೆ ಏರುತ್ತದೆ. ಯಾರಾದರೂ ಈ ಉಪಾಯ ಹೇಳಿದರೆ ಅವರಿಂದ ಕೆಲಸ ಮಾಡಿಸಲೇಬೇಡಿ. 30 ಮಿಲಿ ಆಂಪಿಯರ್‌ಗೆ ಬೀಳುವ ‘ಎ’ ಮಾದರಿಯ ಆರ್‌ಸಿಸಿಬಿ, ಚಾರ್ಜರ್‌ಗೆಂದೇ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಒಂದು ಎಂಸಿಬಿ, ಸಿಡಿಲಿನ ಸೀಮೆಯಾದ್ದರಿಂದ ಒಂದು ಸರ್ಜ್ ರಕ್ಷಕ, ಇವು ಮೂರೂ ಜಗಲಿಯ ಬೋರ್ಡಿನಲ್ಲಿ ಇರಲೇಬೇಕು.

ಲೋಡ್ ಬಗ್ಗೆ ಹೆಚ್ಚು ಚಿಂತೆ ಬೇಡ. 45 ಕಿ.ಮೀ. ಓಡಾಟಕ್ಕೆ ಏಳೆಂಟು ಯೂನಿಟ್ ಸಾಕು. ಕಾರಿನೊಂದಿಗೆ ಬರುವ 3.3 ಕಿಲೋವ್ಯಾಟ್‌ನ ಚಾರ್ಜರ್ ಅಷ್ಟನ್ನು ಎರಡೂವರೆ ಗಂಟೆಯಲ್ಲಿ ತುಂಬುತ್ತದೆ. ಆದರೆ ಅದೊಂದೇ ನಿಮ್ಮ 3 ಕಿಲೋವ್ಯಾಟ್ ಮಿತಿಯನ್ನು ಮೀರುವುದರಿಂದ ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ. ಮನೆಯ ಈಗಿನ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಬಹುದೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಪ್ರತ್ಯೇಕ ಮೀಟರ್ ನಿಮಗೆ ಲಾಭವೇ ಎಂಬುದನ್ನು ಅದೇ ಕಚೇರಿಯಲ್ಲಿ ವಿಚಾರಿಸಿ. ಗೋಡೆ ಒಡೆಯುವುದು ಒಂದೇ ಸಲ ಆಗಲಿ ಎಂಬ ಕಾರಣಕ್ಕೆ, ಚಾರ್ಜರ್ ಚಿಕ್ಕದಿದ್ದರೂ ತಂತಿಯನ್ನು ಮಾತ್ರ ಈಗಲೇ 10 ಎಂಎಂ ಹಾಕಿಸಿಬಿಡಿ.

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಸಮೀಪ ನಮ್ಮ ಅಪಾರ್ಟ್‌ಮೆಂಟ್ ಇದೆ. ಪಾರ್ಕಿಂಗ್ ಎರಡನೇ ನೆಲಮಾಳಿಗೆಯಲ್ಲಿ, ಇಳಿಜಾರಿನ ಬುಡದಲ್ಲೇ ಬಂದಿದೆ. ಮೀಟರ್ ಕೋಣೆ ನೆಲಮಹಡಿಯಲ್ಲಿದ್ದು ತಂತಿಯ ದಾರಿ ಸುಮಾರು 60 ಮೀಟರ್ ಆಗುತ್ತದೆ. ಸಂಘದವರು ಹಿಂಜರಿಯುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸಂಘದವರ ಹಿಂಜರಿಕೆಯಲ್ಲಿ ಹುರುಳಿದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ನಿಮ್ಮ ಭಾಗದ ಅನೇಕ ನೆಲಮಾಳಿಗೆಗಳು ಕೆರೆಗಳಂತಾಗಿದ್ದನ್ನು ಅವರು ಮರೆತಿರಲಾರರು. ಇಳಿಜಾರಿನ ಬುಡವೆಂದರೆ ನೀರು ಮೊದಲು ಬಂದು ಸೇರುವ ಜಾಗ. ಆದ್ದರಿಂದ ಚಾರ್ಜರ್ ಎಲ್ಲಿ ಎಂದು ಕೇಳುವ ಮುನ್ನ ಪಾರ್ಕಿಂಗ್ ಜಾಗವನ್ನೇ ಬದಲಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ. ಮೇಲಿನ ನೆಲಮಾಳಿಗೆಯಲ್ಲಿ ಪೆಟ್ರೋಲ್ ಕಾರು ನಿಲ್ಲಿಸುವ ನೆರೆಯವರೊಬ್ಬರು ಒಪ್ಪಿದರೆ, ಸಂಘದ ಮುಂದೆ ಲಿಖಿತವಾಗಿ ಅದಲು ಬದಲು ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ತಂತಿಯ ಉದ್ದವೂ ಅದರಿಂದ ತಗ್ಗುತ್ತದೆ.

ಅದು ಆಗದಿದ್ದರೆ ಚಾರ್ಜರನ್ನು ಕಂಬಕ್ಕೆ ಒಂದೂವರೆ ಮೀಟರ್ ಎತ್ತರದಲ್ಲಿ ಕೂರಿಸಿ, ಸಂಪು ಮತ್ತು ಪಂಪುಗಳಿಂದ ದೂರವಿಡಿ. ಎಂಸಿಬಿ, ಆರ್‌ಸಿಸಿಬಿ ಮತ್ತು ಸಂಪರ್ಕ ಕಡಿಯುವ ಮುಖ್ಯ ಸ್ವಿಚ್ಚು ಮಾತ್ರ ಕೆಳಗೆ ಇರಲೇಬಾರದು. ಅವು ನೆಲಮಹಡಿಯ ಮೀಟರ್ ಕೋಣೆಯಲ್ಲಿ, ನಿಮ್ಮ ಮನೆಯ ಸಂಖ್ಯೆ ಬರೆದ ಪೆಟ್ಟಿಗೆಯಲ್ಲಿರಲಿ. ಮಧ್ಯರಾತ್ರಿ ನೀರು ನುಗ್ಗಿದಾಗ ಕಾವಲುಗಾರನು ಮೊಣಕಾಲುದ್ದದ ನೀರಿಗೆ ಇಳಿಯದೆ ಮೇಲಿನಿಂದಲೇ ಎಲ್ಲವನ್ನೂ ಆರಿಸುವಂತಿರಬೇಕು. ಈ ಒಂದು ಏರ್ಪಾಟನ್ನು ನಕ್ಷೆಯಲ್ಲಿ ಬರೆದು ತೋರಿಸಿದರೆ ಸಂಘದವರ ಅರ್ಧ ಭಯ ಕಳೆಯುತ್ತದೆ ಎಂಬುದು ನನ್ನ ಅನುಭವ.

60 ಮೀಟರ್ ದೂರಕ್ಕೆ, 32 ಆಂಪಿಯರ್ ಲೆಕ್ಕದಲ್ಲಿ, 10 ಎಂಎಂ ತಾಮ್ರದ ತಂತಿಯಲ್ಲಿ ಸುಮಾರು ಏಳು ವೋಲ್ಟ್ ನಷ್ಟವಾಗುತ್ತದೆ, 16 ಎಂಎಂನಲ್ಲಿ ನಾಲ್ಕೂವರೆಗೆ ಇಳಿಯುತ್ತದೆ. ಖರ್ಚು ಹೆಚ್ಚಾದರೂ ಎರಡನೆಯದನ್ನೇ ಹಾಕಿಸಿ. ನಿಮ್ಮ ಮೀಟರಿನಿಂದಲೇ ತಂತಿ ಹೊರಟರೆ ಸಾಮಾನ್ಯ ಮೀಟರಿನ ಬಿಲ್ಲಿನ ಜಗಳವೂ ಇರುವುದಿಲ್ಲ. ಇನ್ನೂ ಕೆಲವು ಮನೆಯವರು ಈವಿ ಕೊಳ್ಳುವ ಯೋಚನೆಯಲ್ಲಿದ್ದರೆ ಒಬ್ಬೊಬ್ಬರೇ ತಂತಿ ಎಳೆಯುವ ಬದಲು ಎಲ್ಲರೂ ಸೇರಿ ಒಂದೇ ಕೇಬಲ್ ಟ್ರೇ ಹಾಕಿಸಿ.

ಪ್ರಶ್ನೆ: ನಾವು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ವಾಷಿಂಗ್ ಮಷಿನ್‌ಗೆಂದು ಇರುವ 15 ಆಂಪಿಯರ್ ಸಾಕೆಟ್ಟಿನಿಂದ ಕಿಟಕಿಯ ಮೂಲಕ ಎಕ್ಸ್‌ಟೆನ್ಷನ್ ಎಳೆದು ಚಾರ್ಜ್ ಮಾಡಬಹುದೇ?

ಉತ್ತರ: ಮಾಡಬಾರದು. ಎಕ್ಸ್‌ಟೆನ್ಷನ್ ಬಳಸುವುದನ್ನು ಸುರಕ್ಷತಾ ನಿಯಮಗಳೇ ನಿಷೇಧಿಸಿವೆ. ವಾಷಿಂಗ್ ಮಷಿನ್ ಪೂರ್ತಿ ಕರೆಂಟು ಎಳೆಯುವುದು ಕೆಲವೇ ನಿಮಿಷ, ಕಾರು ಅದೇ ಸಾಕೆಟ್ಟಿನಿಂದ ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ಹೀಗೆ ಬಳಸಿದ ಸಾಕೆಟ್ಟೊಂದನ್ನು ಬಿಚ್ಚಿದಾಗ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಮೇಣದಂತೆ ಜೋತುಬಿದ್ದಿತ್ತು. ಮನೆಯವರಿಗೆ ಅದುವರೆಗೆ ವಾಸನೆಯೂ ಬಂದಿರಲಿಲ್ಲ.

ಮನೆಮಾಲೀಕರ ಒಪ್ಪಿಗೆ ಪಡೆದು, ಕಾರು ನಿಲ್ಲುವ ಕಡೆಗೆ ಮೀಟರ್ ಬೋರ್ಡಿನಿಂದ ನೇರವಾಗಿ 4 ಎಂಎಂ ತಂತಿ ಎಳೆಸಿ, ತುದಿಗೆ ಕೈಗಾರಿಕಾ ಮಾದರಿಯ 16 ಆಂಪಿಯರ್ ಸಾಕೆಟ್ಟನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಹಾಕಿಸಿ. ನಿಮ್ಮ ಚಾರ್ಜರ್‌ನ ಪ್ಲಗ್ ಆ ಮಾದರಿಯದ್ದಲ್ಲವಾದರೆ ಅಡಾಪ್ಟರ್ ಹಾಕದೆ, ಅದಕ್ಕೆ ಹೊಂದುವ ಒಳ್ಳೆಯ ಗುಣಮಟ್ಟದ ಸಾಕೆಟ್ಟನ್ನೇ ತನ್ನಿ. ತಂತಿಯನ್ನು ಗೋಡೆಯೊಳಗೆ ಹುಗಿಯದೆ ಹೊರಗಿನ ಪೈಪಿನಲ್ಲಿ ಒಯ್ದರೆ, ಮನೆ ಬಿಡುವಾಗ ಎಲ್ಲವನ್ನೂ ಬಿಚ್ಚಿ ಮುಂದಿನ ಮನೆಗೆ ಕೊಂಡೊಯ್ಯಬಹುದು. ಮೊದಲ ವಾರ ಪ್ರತಿ ರಾತ್ರಿ ಚಾರ್ಜ್ ಶುರುವಾಗಿ ಒಂದು ಗಂಟೆಯಾದ ಮೇಲೆ ಸಾಕೆಟ್ಟಿನ ಮುಖದ ಮೇಲೆ ಕೈಯ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ; ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಂಸಿಬಿ ಇಳಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ತಿರುಪುಗಳನ್ನು ಬಿಗಿ ಮಾಡಿಸಿ.